ಹರಟೆಯೇ ತಾಲೀಮು: ಹ್ಯಾಮ್ ರೇಡಿಯೊ ಬಳಗದ ಪರಿಚಯ

ಬೆಳಿಗ್ಗೆ ಏಳರ ಹೊತ್ತಿಗೆ, ಸೈಡ್‌ಬ್ಯಾಂಡ್ ಹಿಡಿಯಬಲ್ಲ ಒಂದು ಶಾರ್ಟ್‌ವೇವ್ ರಿಸೀವರನ್ನು 7 ಮೆಗಾಹರ್ಟ್ಸ್‌ನ ಆಸುಪಾಸಿಗೆ ತಿರುಗಿಸಿ. ಮೊದಲು ಕೇಳುವುದು ಬರೀ ಸರಸರ ಸದ್ದು. ಗುಂಡಿಯನ್ನು ಒಂಚೂರು ಸರಿಸಿದರೆ ಯಾರೋ ಮಾತಾಡುತ್ತಿರುವುದು ಸ್ಪಷ್ಟವಾಗುತ್ತದೆ. 'ವಿಕ್ಟರ್ ಯೂನಿಫಾರ್ಮ್ ಟೂ' ಎಂದು ಶುರುಮಾಡಿ ಅವರು ತಮ್ಮ ಗುರುತಿನ ಸಂಕೇತವಾದ ಕಾಲ್‌ಸೈನನ್ನು ಅಕ್ಷರ ಬಿಡಿಸಿ ಹೇಳುತ್ತಾರೆ. ಕರಾವಳಿಯವರು ರಾತ್ರಿಯಿಡೀ ಮಳೆ ಹೊಡೆದದ್ದನ್ನು ಹೇಳಿದರೆ, ಹೈದರಾಬಾದಿನವರು ಅವರ ಸಿಗ್ನಲ್ ಎಷ್ಟು ಚೆನ್ನಾಗಿ ಬರುತ್ತಿದೆ ಎಂದು ಅಂಕ ಕೊಡುತ್ತಾರೆ. ಕೊಚ್ಚಿಯವರ ಆಂಟೆನಾ ಗಾಳಿಗೆ ಬಿದ್ದಿದೆ, ಚೆನ್ನೈಯವರಿಗೆ ಮಂಡಿನೋವು. ಇಂಗ್ಲಿಷಿನ ನಡುವೆ ಕನ್ನಡ, ತಮಿಳು, ಮಲಯಾಳಂ, ಹಿಂದಿ ಸರಾಗವಾಗಿ ನುಸುಳುತ್ತವೆ. ಈ ಕೂಟಕ್ಕೆ ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಪಡೆದ ರೇಡಿಯೊ ಹವ್ಯಾಸಿಗಳು, 'ನೆಟ್' ಎನ್ನುತ್ತಾರೆ. ಒಬ್ಬರು ಮೇಲ್ವಿಚಾರಣೆಗೆ ಕೂತು ಬಂದವರ ಹಾಜರಿ ಹಾಕಿಕೊಂಡು, ಒಬ್ಬೊಬ್ಬರಿಗೇ ಸರದಿ ಕೊಡುತ್ತಾ ಹೋಗುತ್ತಾರೆ.

ಇವರ ನಡುವೆ ಯಾವ ಟೆಲಿಫೋನ್ ಕಂಪನಿಯೂ ಇಲ್ಲ, ಟವರೂ ಇಲ್ಲ, ಕೇಬಲ್ಲೂ ಇಲ್ಲ. ಅವರ ಮನೆಯ ತಂತಿಯಿಂದ ಹೊರಟದ್ದು ನೇರ ಇವರ ಮನೆಯ ತಂತಿಗೆ ಬಂದು ಮುಟ್ಟುತ್ತದೆ.

ಹೊರಗಿನಿಂದ ನೋಡಿದವರಿಗೆ ಇದು ಹೊತ್ತು ಕಳೆಯುವ ಮಾತುಕತೆ. ನನಗಂತೂ ಹ್ಯಾಮ್ ರೇಡಿಯೊದ ಜೀವಾಳವೇ ಈ ಹರಟೆ. ಪ್ರತಿದಿನ ಮಾತಾಡುವವರಿಗೆ ತಮ್ಮ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ, ಯಾವ ಗಂಟೆಗೆ ಯಾವ ಊರು ಸಿಗುತ್ತದೆ, ಗದ್ದಲದ ನಡುವೆ ಒಂದು ಹೆಸರನ್ನು ತಪ್ಪಿಲ್ಲದೆ ದಾಟಿಸುವುದು ಹೇಗೆ ಎನ್ನುವುದೆಲ್ಲ ಕೈಗೆ, ಕಿವಿಗೆ ರೂಢಿಯಾಗಿರುತ್ತದೆ. ಆಪತ್ತು ಬಂದ ದಿನ ಇದನ್ನೆಲ್ಲ ಹೊಸದಾಗಿ ಕಲಿಯುತ್ತಾ ಕೂರಲು ಪುರುಸೊತ್ತಿರುವುದಿಲ್ಲ.

ಇದಕ್ಕೆ ಅಂಡಮಾನಿನ ಕಥೆಗಿಂತ ದೊಡ್ಡ ಸಾಕ್ಷಿ ಬೇಡ. ಹವ್ಯಾಸಿಗಳಲ್ಲಿ ಅಪರೂಪದ ಜಾಗಗಳ ಜತೆ ಸಂಪರ್ಕ ಸಾಧಿಸಿ ಲೆಕ್ಕ ಇಡುವ ಒಂದು ದೊಡ್ಡ ಪಂಗಡವೇ ಇದೆ. ಅಂಡಮಾನ್-ನಿಕೋಬಾರ್ ದ್ವೀಪಗಳಿಂದ 1987ರ ನಂತರ ಯಾವ ಹವ್ಯಾಸಿ ಕೇಂದ್ರವೂ ಮಾತಾಡಿರಲಿಲ್ಲವಾದ್ದರಿಂದ ಜಗತ್ತಿನ ಹ್ಯಾಮ್‌ಗಳೆಲ್ಲ ಆ ಕಡೆ ಕಿವಿಯಿಟ್ಟು ಕಾದಿದ್ದರು. ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೊ ಸಂಸ್ಥೆ ಪಟ್ಟುಬಿಡದೆ ಸರ್ಕಾರದ ಅನುಮತಿ ಪಡೆಯಿತು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ಮುಂದಾಳುತನದ ತಂಡ ಪೋರ್ಟ್ ಬ್ಲೇರ್‌ನ ಒಂದು ಹೋಟೆಲಿನಲ್ಲಿ ಕೇಂದ್ರ ಹೂಡಿತು. ವಿಯು4ಆರ್‌ಬಿಐ ಎಂಬ ಅವರ ಕಾಲ್‌ಸೈನ್ ಕೇಳಿದ್ದೇ ತಡ, ಕರೆಗಳ ಮಹಾಪೂರ. ತಿಂಗಳು ತುಂಬುವ ಮೊದಲೇ ಸಂಪರ್ಕಗಳ ಸಂಖ್ಯೆ ಸಾವಿರಗಟ್ಟಲೆ ಏರಿತು.

ಡಿಸೆಂಬರ್ 26ರ ಬೆಳಿಗ್ಗೆ ನೆಲ ನಡುಗಿದಾಗ ಭಾರತಿ ರೇಡಿಯೊ ಮುಂದೆಯೇ ಇದ್ದರು. ಭೂಮಿ ಕಂಪಿಸುತ್ತಿದೆ ಎಂದು ಕೂಗಿ ಹೇಳಿ ಹೊರಗೆ ಓಡಿದರು. ಆಮೇಲೆ ಬಂದದ್ದು ಸುನಾಮಿ. ವಿದ್ಯುತ್ತೂ ಟೆಲಿಫೋನೂ ಕೈಕೊಟ್ಟ ದ್ವೀಪದಲ್ಲಿ, ವಿನೋದಕ್ಕೆಂದು ತಂದಿದ್ದ ಆ ಉಪಕರಣಗಳೇ ಹೊರಜಗತ್ತಿನ ಕೊಂಡಿಯಾದವು. ಬದುಕಿದ್ದೇವೆ ಎಂಬ ಸುದ್ದಿ ಮನೆಗಳಿಗೆ ತಲುಪಿತು, ಇಂಥವರು ಎಲ್ಲಿದ್ದಾರೆ ಎಂಬ ವಿಚಾರಣೆ ಒಳಗೆ ಬಂತು, ಪರಿಹಾರ ಕಾರ್ಯದ ಸಂದೇಶಗಳು ಅತ್ತಿತ್ತ ಹರಿದವು. ಆಚೆ ದಡದಲ್ಲಿ ದೇಶದ ನಾನಾ ಊರಿನ ಹ್ಯಾಮ್‌ಗಳು ನಿದ್ದೆಗೆಟ್ಟು ಆ ಸಂದೇಶಗಳನ್ನು ಬರೆದುಕೊಂಡು ಮುಟ್ಟಿಸಿದರು. ಮೂರು ವಾರಗಳ ಕಾಲ ಜಗತ್ತಿನ ಕರೆಗಳಿಗೆ ಉತ್ತರಿಸಿದ ಮಂದಿಗೆ ಯಾವ ಬ್ಯಾಂಡ್, ಅಂದರೆ ಯಾವ ಆವರ್ತನ ಶ್ರೇಣಿ, ಯಾವಾಗ ತೆರೆಯುತ್ತದೆ ಎನ್ನುವುದು ಬಾಯಿಪಾಠವಾಗಿತ್ತು. ಅವರ ಹವ್ಯಾಸವೇ ಅವರನ್ನು ಆ ಕೆಲಸಕ್ಕೆ ಸಜ್ಜು ಮಾಡಿತ್ತು.

ಟವರಿಲ್ಲದೆ ಮಾತು ಇಷ್ಟು ದೂರ ಸಾಗುವುದು ಹೇಗೆ? ನೆಲದಿಂದ ಸುಮಾರು 60 ಕಿಲೋಮೀಟರ್ ಮೇಲಿನಿಂದ ಶುರುವಾಗುವ ಅಯಾನುಗೋಳವನ್ನು ಸೂರ್ಯನ ಕಿರಣಗಳು ವಿದ್ಯುದಾವೇಶಗೊಳಿಸುತ್ತವೆ. ಶಾರ್ಟ್‌ವೇವ್ ಅಲೆಗಳು ಅಲ್ಲಿ ಬಾಗಿ ನೆಲಕ್ಕೆ ಮರಳುತ್ತವೆ. 7 ಮೆಗಾಹರ್ಟ್ಸ್ ಹಗಲಿನಲ್ಲಿ ಕೆಲವು ನೂರು ಕಿಲೋಮೀಟರಿಗೆ ಸಾಕಾದರೆ, ರಾತ್ರಿ ಖಂಡಾಂತರ ಹೋಗುತ್ತದೆ. 14 ಮೆಗಾಹರ್ಟ್ಸ್ ಹಗಲಿನಲ್ಲೇ ಯುರೋಪು, ಜಪಾನನ್ನು ತರುತ್ತದೆ. ಹನ್ನೊಂದು ವರ್ಷಕ್ಕೊಮ್ಮೆ ಸೂರ್ಯನ ಕಲೆಗಳು ಏರಿ ಇಳಿಯುವುದರ ಜತೆ ಈ ದಾರಿಗಳೂ ತೆರೆದು ಮುಚ್ಚುತ್ತವೆ. ಹೀಗಾಗಿ ಹ್ಯಾಮ್‌ಗಳು ಸೂರ್ಯನ ಸ್ಥಿತಿಗತಿಯನ್ನು ರೈತರು ಮುಂಗಾರನ್ನು ಗಮನಿಸುವಷ್ಟೇ ಶ್ರದ್ಧೆಯಿಂದ ಗಮನಿಸುತ್ತಾರೆ.

ಇದಕ್ಕೆ ಬೇಕಾದ ಆಂಟೆನಾ ಎಷ್ಟು ಸರಳವೆಂದರೆ ನಂಬುವುದು ಕಷ್ಟ. 7 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್ ತಾಮ್ರದ ತಂತಿ ಸಾಕು. ಅದನ್ನು ನಡುವೆ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಕೇಬಲ್ ಸೇರಿಸಿ, ಎರಡು ತೆಂಗಿನ ಮರಗಳ ನಡುವೆಯೋ ತಾರಸಿಯ ಮೇಲೆಯೋ ಎಳೆದು ಕಟ್ಟಿದರೆ ಡೈಪೋಲ್ ಸಿದ್ಧ. ಅದನ್ನು ತೀರಾ ಎತ್ತರಿಸದೆ ಕಟ್ಟುವುದರಲ್ಲೂ ಒಂದು ಲಾಭವಿದೆ. ಅಲೆ ಬಹುಮಟ್ಟಿಗೆ ನೆಟ್ಟಗೆ ಮೇಲಕ್ಕೆ ಹೋಗಿ, ಸುತ್ತಲಿನ ಕೆಲವು ನೂರು ಕಿಲೋಮೀಟರಿನೊಳಗೆ ಮಳೆಯಂತೆ ಇಳಿಯುತ್ತದೆ. ಆಗ ಬೆಟ್ಟ ಅಡ್ಡಬರುವ ಮಾತೇ ಇಲ್ಲ. ಮಲೆನಾಡು, ಕೊಡಗುಗಳ ಕಣಿವೆಗಳನ್ನು ಬಲ್ಲವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ರಸ್ತೆ, ವಿದ್ಯುತ್ತು, ಫೋನು ಒಟ್ಟಿಗೇ ಕಡಿದುಹೋದ ಊರುಗಳಿದ್ದವು. ಅಂಥ ಪ್ರತಿ ಹೋಬಳಿಯಲ್ಲೂ ಒಂದು ತಂತಿ, ಒಂದು ಬ್ಯಾಟರಿ, ಅದನ್ನು ಬಳಸಬಲ್ಲ ಒಬ್ಬ ಮನುಷ್ಯ ಇರಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಈ ಬಳಗದ ನಡಾವಳಿ ಕಟ್ಟುನಿಟ್ಟು. ಮಾತಾಡುವ ಮೊದಲು ಕೇಳಿಸಿಕೊಳ್ಳಬೇಕು, ಜಾಗ ಖಾಲಿಯಿದೆಯೇ ಎಂದು ವಿಚಾರಿಸಬೇಕು. ವ್ಯಾಪಾರ, ರಾಜಕೀಯ, ಧರ್ಮಪ್ರಚಾರ, ಸಂಗೀತ ಪ್ರಸಾರ, ಗುಟ್ಟಿನ ಸಂಕೇತ ಎಲ್ಲಕ್ಕೂ ನಿಷೇಧ. ಎತ್ತರದ ಹುದ್ದೆಯವರಿಗೂ ಇಲ್ಲಿ ಕಾಲ್‌ಸೈನಿನ ಗುರುತಷ್ಟೇ: ರಾಜೀವ್ ಗಾಂಧಿ ವಿಯು2ಆರ್‌ಜಿ, ಜೋರ್ಡಾನಿನ ದೊರೆಯಾಗಿದ್ದ ಹುಸೇನ್ ಜೆವೈ1 ಆಗಿದ್ದರು. ಬೀಳ್ಕೊಡುವಾಗ '73' ಅಂದರೆ ಶುಭಾಶಯ. ಸಂಪರ್ಕವಾದುದಕ್ಕೆ ಪುರಾವೆಯಾಗಿ ಕ್ಯೂಎಸ್‌ಎಲ್ ಕಾರ್ಡು ಕಳಿಸುವ ಸಂಪ್ರದಾಯ ಈಗ ಬಹುಮಟ್ಟಿಗೆ ಕಂಪ್ಯೂಟರಿಗೆ ಸರಿದಿದೆಯಾದರೂ, ಹಳಬರ ಮನೆಗಳ ಪೆಟ್ಟಿಗೆಗಳಲ್ಲಿ ಅದರ ಕಟ್ಟುಗಳು ಇಂದಿಗೂ ಸಿಗುತ್ತವೆ. ಬಳಗದವರೊಬ್ಬರು ತೀರಿಕೊಂಡರೆ 'ಸೈಲೆಂಟ್ ಕೀ' ಎನ್ನುತ್ತಾರೆ. ಮೋರ್ಸ್ ಬಡಿಯುವ ಕೀಲಿ ನಿಂತಿತು ಎಂದರ್ಥ.

ಬೇರೆ ರಾಜ್ಯಗಳಿಂದಲೂ ಕಲಿಯುವುದಿದೆ. ಗಂಗಾಸಾಗರ ಮೇಳದಲ್ಲಿ ಕಳೆದುಹೋದ ವೃದ್ಧರನ್ನೂ ಮನೆ ಮರೆತು ಅಲೆಯುವವರನ್ನೂ ಊರೂರಿನ ಹ್ಯಾಮ್‌ಗಳ ನೆರವಿನಿಂದ ಮನೆ ಸೇರಿಸುವ ಕೆಲಸವನ್ನು ಪಶ್ಚಿಮ ಬಂಗಾಳ ರೇಡಿಯೊ ಕ್ಲಬ್ ವರ್ಷಗಳಿಂದ ಮಾಡುತ್ತಿದೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ 'ಬಿಟ್‌ಎಕ್ಸ್' ಎಂಬ ಟ್ರಾನ್ಸೀವರ್ ಜಗತ್ತಿನಾದ್ಯಂತ ಹವ್ಯಾಸಿಗಳ ಮೇಜಿನ ಮೇಲಿದೆ. ಕಂಪನಿ ರೇಡಿಯೊದ ಬೆಲೆ ಕೇಳಿಯೇ ಹಿಂಜರಿಯುತ್ತಿದ್ದವರಿಗೆ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಿಡಿಭಾಗಗಳಿಂದ ಕಟ್ಟಬಹುದಾದ ವಿನ್ಯಾಸವನ್ನು ಅವರು ಮುಕ್ತವಾಗಿ ಹಂಚಿದರು. ಸುರುಳಿ ಸುತ್ತಲು ಅವರು ಆರಿಸಿಕೊಂಡದ್ದು ನಲ್ಲಿಗೆ ಹಾಕುವ ವಾಷರ್! ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೀಲ ಹಿಡಿದು ಕೆಪಾಸಿಟರ್ ಹುಡುಕುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪ್ರೇರಣೆ ಬೇಕೆ?

ಬಾಹ್ಯಾಕಾಶದ ಮಾತಿಗೆ ಬಂದರೆ ಕರ್ನಾಟಕದ ಪಾಲು ದೊಡ್ಡದು. 2005ರ ಮೇ 5ರಂದು ಇಸ್ರೊ ಹವ್ಯಾಸಿಗಳಿಗೆಂದೇ 'ಹ್ಯಾಮ್‌ಸ್ಯಾಟ್' ಎಂಬ 42.5 ಕಿಲೋ ತೂಕದ ಉಪಗ್ರಹವನ್ನು ಹಾರಿಸಿತು. ಅದರ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದನ್ನು ಕಟ್ಟಿಕೊಟ್ಟವನು ಹಾಲೆಂಡಿನ ಒಬ್ಬ ವಿದ್ಯಾರ್ಥಿ. 2014ರವರೆಗೂ ಅದು ದೇಶ ದೇಶಗಳ ಹ್ಯಾಮ್‌ಗಳ ಮಾತನ್ನು ಹೊತ್ತು ತಿರುಗಿತು. 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ-ಸಿ60 ರಾಕೆಟ್ಟಿನ ಕೊನೆಯ ಹಂತದ ಮೇಲೆ ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ಕಾಲೇಜಿನ 'ಬಿಜಿಎಸ್ ಅರ್ಪಿತ್' ಎಂಬ ಹವ್ಯಾಸಿ ರೇಡಿಯೊ ಉಪಕರಣವೂ ಇತ್ತು. ಮರುವರ್ಷ ಜುಲೈನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದ ವಿದ್ಯಾರ್ಥಿಗಳ ಜತೆ ಮಾತಾಡಿದ್ದೂ ಹ್ಯಾಮ್ ರೇಡಿಯೊದಲ್ಲೇ. ನಿಲ್ದಾಣ ನಮ್ಮ ನೆತ್ತಿಯ ಮೇಲೆ ಹಾದುಹೋಗುವ ಹತ್ತು ನಿಮಿಷಗಳಲ್ಲಿ ಅಲ್ಲಿಂದ ಬರುವ ಹವ್ಯಾಸಿ ಪ್ರಸಾರ 145.800 ಮೆಗಾಹರ್ಟ್ಸ್‌ನಲ್ಲಿರುತ್ತದೆ.

ಇಷ್ಟಾದರೂ ಈ ಬಳಗಕ್ಕೆ ಎಳೆಯರ ಕೊರತೆ ಇದೆ. ಮೊಬೈಲಿನಲ್ಲಿ ಅಮೆರಿಕದವರ ಮುಖವನ್ನೇ ನೋಡಿ ಮಾತಾಡಬಹುದಾಗಿರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಆದರೆ ಫೋನು ಬಳಸಲು ನಾವು ಏನನ್ನೂ ತಿಳಿದಿರಬೇಕಾಗಿಲ್ಲ, ಇಲ್ಲಿ ಹಾಗಲ್ಲ. ತಾನೇ ಬೆಸುಗೆ ಹಾಕಿದ ಪೆಟ್ಟಿಗೆ, ತಾನೇ ಕಟ್ಟಿದ ತಂತಿ, ತಾನೇ ಲೆಕ್ಕ ಹಾಕಿದ ಹೊತ್ತು ಕೂಡಿಬಂದು ಸಾವಿರ ಮೈಲಿಯಾಚೆಯ ಅಪರಿಚಿತರೊಬ್ಬರು ತನ್ನ ಹೆಸರು ಹಿಡಿದು ಕರೆದಾಗ ಹದಿಮೂರರ ಹುಡುಗಿಗೆ ಆಗುವ ಹಿಗ್ಗು, ಅವಳಿಗೆ ಭೌತಶಾಸ್ತ್ರದ ಯಾವ ಪಾಠವೂ ಕೊಡದ ಆತ್ಮವಿಶ್ವಾಸವನ್ನು ಕೊಡುತ್ತದೆ.

ಲೈಸೆನ್ಸ್ ಪಡೆಯಲು ಎಂಜಿನಿಯರ್ ಆಗಿರಬೇಕಿಲ್ಲ. ಹನ್ನೆರಡು ತುಂಬಿದ ಯಾರು ಬೇಕಾದರೂ ಪರೀಕ್ಷೆಗೆ ಕೂರಬಹುದು. ಕೇಂದ್ರ ಸಂಪರ್ಕ ಸಚಿವಾಲಯದ ಈ ಪರೀಕ್ಷೆಯಲ್ಲಿ ಹೈಸ್ಕೂಲ್ ಮಟ್ಟದ ವಿದ್ಯುತ್ತು, ರೇಡಿಯೊ ಪಾಠ ಒಂದು ಭಾಗ, ನಿಯಮಗಳು ಇನ್ನೊಂದು. ಮೊದಲ ದರ್ಜೆಯಾದ ರೆಸ್ಟ್ರಿಕ್ಟೆಡ್‌ಗೆ ಮೋರ್ಸ್ ಬೇಡ, ಮುಂದಿನ ಜನರಲ್ ದರ್ಜೆಗೆ ನಿಮಿಷಕ್ಕೆ ಎಂಟು ಪದಗಳ ವೇಗ ಬೇಕು. ಉತ್ತೀರ್ಣರಾದ ಮೇಲೆ ಲೈಸೆನ್ಸ್ ಕೈಸೇರಲು ಸ್ವಲ್ಪ ಕಾಯಬೇಕು. ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್, ಮಂಗಳೂರಿನ ಕ್ಲಬ್ ಹೊಸಬರಿಗೆ ದಾರಿ ತೋರಿಸುತ್ತವೆ. ವಿಜ್ಞಾನ ಮೇಷ್ಟ್ರುಗಳು ತಮ್ಮ ಶಾಲೆಗೆ ಒಬ್ಬ ಹ್ಯಾಮ್‌ನನ್ನು ಕರೆಸಿ, ಮಕ್ಕಳೆದುರು ಒಂದು ಗಂಟೆ ರೇಡಿಯೊ ನಡೆಸಲು ಹೇಳಲಿ. ಯಾವ ಹ್ಯಾಮ್ ಕೂಡ ಇದಕ್ಕೆ ಒಲ್ಲೆ ಎನ್ನಲಾರ.