ಅಂಟಿಸಿಟ್ಟ ನೆನಪಿಗೆ ಎಷ್ಟು ಆಯುಸ್ಸು?

ಕಳೆದ ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗಿದ್ದಾಗ, ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯೊಂದರಲ್ಲಿ ನನ್ನ ಶಾಲಾದಿನಗಳ ಸ್ಕ್ರ್ಯಾಪ್‌ಬುಕ್ ದೊರೆಯಿತು. ಚಿತ್ರ, ಪತ್ರಿಕೆಯ ತುಣುಕು, ಬಸ್ಸಿನ ಚೀಟಿ ಮೊದಲಾದ ಚೂರುಪಾರುಗಳನ್ನು ಅಂಟಿಸಿ, ಪಕ್ಕದಲ್ಲಿ ನಾಲ್ಕು ಮಾತು ಬರೆದಿಡುವ ಇಂತಹ ಪುಸ್ತಕವನ್ನು ವಾಚಕರಲ್ಲಿಯೂ ಹಲವರು ಮಾಡಿರಬಹುದು. ನನ್ನ ಪುಸ್ತಕದ ಒಂದು ಪುಟ ೨೦೦೪ನೆಯ ಇಸವಿಯ ಜೂನ್ ೮ಕ್ಕೆ ಮೀಸಲಾಗಿದ್ದಿತು. ಅಂದು ಶುಕ್ರಗ್ರಹವು ಸೂರ್ಯಬಿಂಬವನ್ನು ಅಡ್ಡಹಾಯ್ದಿತು. ೧೮೮೨ರ ಬಳಿಕ ಶುಕ್ರ ಸಂಕ್ರಮಣ ನಡೆದುದು ಅದೇ ಮೊದಲು. ನಮ್ಮ ಅಜ್ಜ ಬೈನಾಕ್ಯುಲರಿನ ಮೂಲಕ ಸೂರ್ಯನ ಬಿಂಬವನ್ನು ಬಿಳಿಯ ರಟ್ಟಿನ ಮೇಲೆ ಬೀಳಿಸಿ, ಅದರೊಳಗೆ ಎಳ್ಳಿನ ಕಾಳಿನಂತೆ ಸರಿಯುತ್ತಿದ್ದ ಕರಿಯ ಚುಕ್ಕೆಯನ್ನು ಬೀದಿಯ ಮಕ್ಕಳಿಗೆಲ್ಲ ತೋರಿಸಿದ್ದರು. ಅವರು ಆ ರಟ್ಟನ್ನು ಹಿಡಿದು ನಿಂತ ಚಿತ್ರವನ್ನು ಚಿಕ್ಕಪ್ಪ ತೆಗೆದಿದ್ದರು. ಅದನ್ನು ನಾನು ಅಂಟಿಸಿ, ಮರುದಿನದ ಪತ್ರಿಕೆಯ ವರದಿಯನ್ನೂ ಅದೇ ಪುಟದಲ್ಲಿ ಸೇರಿಸಿದ್ದೆ. ಜಾಗ ಸಾಲದೆ, ವರದಿಯ ಕೆಳಭಾಗವನ್ನು ಫೋಟೋದ ಮೇಲೆಯೇ ಮಡಿಸಿಟ್ಟಿದ್ದೆ.

ಇಪ್ಪತ್ತು ವರ್ಷಗಳಲ್ಲಿ ಆ ವರದಿ ತರಗೆಲೆಯ ಬಣ್ಣಕ್ಕೆ ತಿರುಗಿದ್ದಿತು. ಮಡಿಕೆಯನ್ನು ಬಿಡಿಸಹೋದಾಗ ಅದು ಗೆರೆಯುದ್ದಕ್ಕೂ ಮುರಿದು ಕೈಗೆ ಬಂದಿತು. ಅದು ಮುಚ್ಚಿದ್ದ ಕಡೆಯಲ್ಲೆಲ್ಲ ಫೋಟೋದ ಮೇಲೆ ಕಂದು ಪಟ್ಟಿಯೊಂದು ಮೂಡಿದ್ದಿತು. ಆ ಪಟ್ಟಿ ಅಜ್ಜನ ಕೈಗಳ ಮೇಲೆ, ರಟ್ಟಿನ ಮೇಲಿನ ಸೂರ್ಯನ ಮೇಲೆ ಹಾದುಹೋಗಿದೆ. ಅಜ್ಜ ಈಗಿಲ್ಲ. ಫಿಲ್ಮಿನ ಸುರುಳಿ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು.

ರಜೆ ಮುಗಿಸಿ ಕಾಲೇಜಿಗೆ ಬಂದ ವಾರದಲ್ಲಿಯೇ ಮೊದಲ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬಳು ಒಂದು ಪೆಟ್ಟಿಗೆಯನ್ನು ಹಿಡಿದುಕೊಂಡು ಬಂದಳು. ಅಕ್ಕನ ಮದುವೆಯ ನೆನಪಿಗಾಗಿ ಪುಸ್ತಕವೊಂದನ್ನು ಮಾಡಲು ಕೊಂಡು ತಂದ ಸ್ಕ್ರ್ಯಾಪ್‌ಬುಕ್ ಕಿಟ್ ಅದು. ಹನ್ನೆರಡು ಅಂಗುಲ ಚದರದ ಬಣ್ಣದ ಹಾಳೆಗಳು, ರಬ್ಬರಿನ ಮುದ್ರೆಗಳು, ಶಾಯಿಯ ಗಾದಿ, ಮಿನುಗುಪುಡಿ, ರಿಬ್ಬನ್ನು, ಲೋಹದ ಪುಟ್ಟ ಹೂಗಳು ಎಲ್ಲವೂ ಅದರಲ್ಲಿದ್ದವು. ಮುಚ್ಚಳದ ಮೇಲೆ ‘ಆಮ್ಲರಹಿತ’ ಎಂದು ಅಚ್ಚಾಗಿದ್ದಿತು.

“ಸರ್, ಇದು ಎಷ್ಟು ವರ್ಷ ಬಾಳುತ್ತೆ?” ಎಂದು ಆಕೆ ಕೇಳಿದಳು. ಅಜ್ಜನ ಫೋಟೋ ಇನ್ನೂ ನನ್ನ ಕೈಚೀಲದಲ್ಲಿಯೇ ಇದ್ದುದರಿಂದ, ಆ ಪ್ರಶ್ನೆಗೆ ಬಾಯಿಮಾತಿನ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ.

ಈ ಹವ್ಯಾಸ ಹೊಸದೇನಲ್ಲ. ಅಮೆರಿಕದ ಹಾಸ್ಯಲೇಖಕ ಮಾರ್ಕ್ ಟ್ವೇನ್, ತಾನೇ ಅಂಟಿಕೊಳ್ಳುವ ಪುಟಗಳುಳ್ಳ ಸ್ಕ್ರ್ಯಾಪ್‌ಬುಕ್ಕಿಗೆ ೧೮೭೩ರಲ್ಲಿ ಪೇಟೆಂಟ್ ಪಡೆದಿದ್ದನು. ಪುಟಕ್ಕೆ ಮೊದಲೇ ಅಂಟು ಬಳಿದಿರುವುದು, ಬೇಕಾದೆಡೆ ನೀರು ಸವರಿದರೆ ಸಾಕು ಎಂಬುದೇ ಅದರ ಹಿಕಮತ್ತು. ಇಂದಿನ ರೂಪದ ಸ್ಕ್ರ್ಯಾಪ್‌ಬುಕ್ ಹವ್ಯಾಸ ಬೆಳೆದುದು ಅಮೆರಿಕದ ಯೂಟಾ ಪ್ರಾಂತದಲ್ಲಿ. ಅಲ್ಲಿನ ಮಾರಿಯೆಲೆನ್ ಕ್ರಿಸ್ಟೆನ್ಸನ್ ಎಂಬ ಗೃಹಿಣಿ ತಮ್ಮ ಮನೆತನದ ಆಲ್ಬಂಗಳನ್ನು ೧೯೮೦ರಲ್ಲಿ ಸಾಲ್ಟ್ ಲೇಕ್ ನಗರದ ದಾಖಲೆಗಳ ವಿಶ್ವ ಸಮ್ಮೇಳನದಲ್ಲಿ ಪ್ರದರ್ಶಿಸಿದರು. ಮರುವರ್ಷ ಗಂಡಹೆಂಡಿರು ಸ್ಪ್ಯಾನಿಷ್ ಫೋರ್ಕ್ ಎಂಬ ಊರಿನಲ್ಲಿ ಈ ಸಾಮಗ್ರಿಗಳಿಗೆಂದೇ ಅಂಗಡಿಯನ್ನು ತೆರೆದರು. ಅವರ ಆಸ್ಥೆ ಅಲಂಕಾರದಷ್ಟೇ ಬಾಳಿಕೆಯ ಮೇಲೆಯೂ ಇದ್ದಿತು. ವ್ಯಾಪಾರ ಬೆಳೆದಂತೆ ಅಲಂಕಾರ ಮುಂದಾಯಿತು. ಬಾಳಿಕೆ ಮುಚ್ಚಳದ ಮೇಲಿನ ಒಂದು ಪದವಾಗಿ ಉಳಿಯಿತು.

ಆ ಪದದ ಅರ್ಥ ತಿಳಿಯಬೇಕಾದರೆ ರಬ್ಬರಿನ ಮುದ್ರೆಯಿಂದಲೇ ಹೊರಡಬಹುದು. ಒಂದೇ ಮುದ್ರೆಯನ್ನು ಒಂದೇ ಶಾಯಿಯಲ್ಲಿ ಅದ್ದಿ, ಪ್ರಯೋಗಶಾಲೆಯ ಸೋಸುಕಾಗದದ ಮೇಲೊಮ್ಮೆ, ಕಿಟ್ಟಿನ ದಪ್ಪ ಹಾಳೆಯ ಮೇಲೊಮ್ಮೆ ಒತ್ತಿ ನೋಡಿರಿ. ಸೋಸುಕಾಗದದ ಮೇಲೆ ಹೂವಿನ ದಳಗಳು ಒಂದರೊಳಗೊಂದು ಹರಿದು ಮುದ್ದೆಯಾಗುತ್ತವೆ. ದಪ್ಪ ಹಾಳೆಯ ಮೇಲೆ ಒಂದೊಂದು ಎಳೆಯೂ ನಿಚ್ಚಳವಾಗಿ ನಿಲ್ಲುತ್ತದೆ. ಕಾಗದವೆಂದರೆ ಸಸ್ಯದ ನಾರುಗಳು ಹೆಣೆದುಕೊಂಡ ಹೊದಿಕೆಯಷ್ಟೆ. ನಾರುಗಳ ನಡುವಣ ಸಂದುಗಳು ಕೂದಲಿಗಿಂತಲೂ ಸಪೂರವಾದ ಕೊಳವೆಗಳಂತೆ ವರ್ತಿಸಿ, ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಶಾಯಿಯನ್ನು ಎಳೆದುಕೊಳ್ಳುತ್ತವೆ. ಶಾಯಿ ಸಾಗುವ ದೂರವು ಕಾಲದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಮೊದಲ ಒಂದು ಸೆಕೆಂಡಿನಲ್ಲಿ ಅದು ಒಂದು ಮಿಲಿಮೀಟರು ಹರಿದರೆ, ಎರಡು ಮಿಲಿಮೀಟರು ಮುಟ್ಟಲು ನಾಲ್ಕು ಸೆಕೆಂಡು ಬೇಕು. ಇದನ್ನು ತಡೆಯಬೇಕಾದರೆ ನಾರುಗಳಿಗೆ ನೀರನ್ನು ಒಲ್ಲದ ಲೇಪವೊಂದು ಬೇಕು.

ಹಿಂದಿನ ಯೂರೋಪಿನ ಕಾಗದಗಾರರು ಹಳೆಯ ಬಟ್ಟೆಯ ಚಿಂದಿಯಿಂದ ಕಾಗದ ಮಾಡಿ, ಅದನ್ನು ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದ ಸರಿಯಲ್ಲಿ ಅದ್ದುತ್ತಿದ್ದರು. ೧೮೦೭ರಲ್ಲಿ ಜರ್ಮನಿಯ ಮೊರಿಟ್ಜ್ ಇಲ್ಲಿಗ್ ಎಂಬಾತ ಇದಕ್ಕಿಂತ ಅಗ್ಗದ ಉಪಾಯವನ್ನು ಪ್ರಕಟಿಸಿದನು. ತಿರುಳಿಗೇ ಮರದ ರಾಳವನ್ನೂ ಪಟಿಕವನ್ನೂ ಬೆರೆಸಿಬಿಡುವುದೇ ಆ ಉಪಾಯ. ಪಟಿಕವು ರಾಳವನ್ನು ನಾರಿಗೆ ಕಚ್ಚಿಸುತ್ತದೆ. ಶಾಯಿ ಹರಡುವುದು ನಿಲ್ಲುತ್ತದೆ. ಕಾಗದದ ಯಂತ್ರಗಳಿಗೆ ಇದು ಹೇಳಿ ಮಾಡಿಸಿದಂತಿದ್ದುದರಿಂದ, ಮುಂದಿನ ನೂರೈವತ್ತು ವರ್ಷಗಳ ಕಾಗದದಲ್ಲಿ ಬಹುಪಾಲು ಹೀಗೆಯೇ ತಯಾರಾಯಿತು.

ಆದರೆ ಪಟಿಕವು ತೇವದೊಡನೆ ಸೇರಿ ಆಮ್ಲವನ್ನುಂಟುಮಾಡುತ್ತದೆ. ನಾರಿನ ಮುಖ್ಯಾಂಶವಾದ ಸೆಲ್ಯುಲೋಸ್, ಗ್ಲೂಕೋಸಿನ ಸಾವಿರಾರು ಕೊಂಡಿಗಳು ಸಾಲಾಗಿ ಬೆಸೆದ ಸರಪಳಿ. ಆಮ್ಲದ ಸಮ್ಮುಖದಲ್ಲಿ ನೀರಿನ ಅಣುಗಳು ಈ ಕೊಂಡಿಗಳನ್ನು ಅಲ್ಲಲ್ಲಿ ಕಡಿಯತೊಡಗುತ್ತವೆ. ಕಡಿತದ ಫಲವಾಗಿ ಮತ್ತಷ್ಟು ಆಮ್ಲ ಹುಟ್ಟುತ್ತದೆ. ಅದು ಕಡಿತವನ್ನು ಇನ್ನೂ ಚುರುಕುಗೊಳಿಸುತ್ತದೆ. ಸಾಲಕ್ಕೆ ಚಕ್ರಬಡ್ಡಿ ಬೆಳೆದಂತೆ ಎನ್ನಬಹುದು. ಕೊನೆಗೆ ನಾರು ತುಂಡುತುಂಡಾಗಿ, ಹಾಳೆ ಮಡಿಸಿದಲ್ಲಿಯೇ ಮುರಿಯುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಇಂತಹ ಕ್ರಿಯೆಯ ವೇಗ ಇಮ್ಮಡಿಯೋ, ಅದಕ್ಕೂ ಹೆಚ್ಚೋ ಆಗುತ್ತದೆ. ಹೆಂಚಿನ ಕೆಳಗಿನ ಅಟ್ಟದಲ್ಲಿ, ತಗಡಿನ ಪೆಟ್ಟಿಗೆಯಲ್ಲಿ ನಾನು ಪುಸ್ತಕವನ್ನಿಟ್ಟುದು ಎಂತಹ ಜಾಣತನವೆಂಬುದನ್ನು ವಾಚಕರೇ ಊಹಿಸಬಹುದು.

ಪತ್ರಿಕೆಯ ಕಾಗದಕ್ಕೆ ಇನ್ನೊಂದು ರೋಗವೂ ಉಂಟು. ೧೮೪೦ರ ದಶಕದಲ್ಲಿ ಜರ್ಮನಿಯ ಫ್ರೀಡ್ರಿಕ್ ಕೆಲ್ಲರ್, ಮರವನ್ನು ಸಾಣೆಕಲ್ಲಿಗೆ ಹಿಡಿದು ತಿರುಳು ಮಾಡುವ ಕ್ರಮವನ್ನು ಕಂಡುಹಿಡಿದನು. ಹೀಗೆ ಅರೆದ ತಿರುಳಿನಲ್ಲಿ ಮರದ ನಾರುಗಳನ್ನು ಬಿಗಿಹಿಡಿದಿರುವ ಲಿಗ್ನಿನ್ ಎಂಬ ದ್ರವ್ಯ ಹಾಗೆಯೇ ಉಳಿಯುತ್ತದೆ. ಬೆಳಕು ಗಾಳಿಗಳಿಗೆ ಸಿಕ್ಕಿದ ಲಿಗ್ನಿನ್ ಹಳದಿಗೆ, ಕಂದಿಗೆ ತಿರುಗುತ್ತದೆ; ಅಂತಹ ಕಾಗದ ಹಳತಾದಂತೆ ಆಮ್ಲವನ್ನೂ ಹೊರಬಿಡುತ್ತದೆ. ಪತ್ರಿಕೆಯ ಹಾಳೆಯೊಂದರ ಅರ್ಧವನ್ನು ರಟ್ಟಿನಿಂದ ಮುಚ್ಚಿ ನಾಲ್ಕಾರು ದಿನ ಬಿಸಿಲಿನಲ್ಲಿಟ್ಟರೆ ವ್ಯತ್ಯಾಸ ಕಣ್ಣಿಗೇ ಗೋಚರಿಸುತ್ತದೆ. ಈ ಆಮ್ಲವೂ ಬಣ್ಣವೂ ತಾವು ಹುಟ್ಟಿದ ಹಾಳೆಯಲ್ಲಿಯೇ ನಿಲ್ಲದೆ, ಒತ್ತಿಕೊಂಡಿರುವ ನೆರೆಯ ಹಾಳೆಗೂ ಸರಿಯುತ್ತವೆ. ಅಜ್ಜನ ಫೋಟೋದ ಮೇಲೆ ಮೂಡಿದುದು ಇದೇ.

ಈ ಸಂಗತಿಯನ್ನು ಪುಸ್ತಕಭಂಡಾರಗಳ ಜನರ ಕಣ್ಣಿಗೆ ತಾಗುವಂತೆ ತೋರಿಸಿದವರಲ್ಲಿ ಅಮೆರಿಕದ ವಿಲಿಯಂ ಬ್ಯಾರೋ ಮುಖ್ಯರು. ಅವರು ವರ್ಜೀನಿಯದಲ್ಲಿ ಹಳೆಯ ದಾಖಲೆಗಳನ್ನು ದುರಸ್ತಿ ಮಾಡುತ್ತಿದ್ದವರು. ೧೯೦೦ರಿಂದ ೧೯೪೯ರವರೆಗೆ ಅಚ್ಚಾದ ೫೦೦ ಪುಸ್ತಕಗಳ ಕಾಗದವನ್ನು ಮಡಿಸಿ, ಹರಿದು, ಅಳೆದು, ಅವುಗಳಲ್ಲಿ ಬಹುತೇಕ ಎಲ್ಲವೂ ಅಲ್ಪಾಯುಗಳೆಂದು ೧೯೫೯ರಲ್ಲಿ ಪ್ರಕಟಿಸಿದರು. ಅವುಗಳಿಗಿಂತ ಬಹಳ ಹಳೆಯ ಚಿಂದಿಕಾಗದದ ಪುಸ್ತಕಗಳು ಗಟ್ಟಿಯಾಗಿಯೇ ಇದ್ದವು. ಆಮೇಲೆ ಆಮ್ಲ ಬೇಡದ ಹೊಸ ಲೇಪಗಳು ಬಳಕೆಗೆ ಬಂದು, ಕಾಗದದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟನ್ನು, ಎಂದರೆ ಸೀಮೆಸುಣ್ಣದ ಪುಡಿಯನ್ನು, ತುಂಬುವುದು ಸಾಧ್ಯವಾಯಿತು. ಹೊರಗಿನಿಂದ ಬಂದ ಆಮ್ಲವನ್ನು ಅದು ಒಡನೆಯೇ ನುಂಗಿಹಾಕುತ್ತದೆ. ೧೯೯೪ರ ಐ.ಎಸ್.ಓ. ೯೭೦೬ ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ, ಶಾಶ್ವತ ಕಾಗದವೆನಿಸಿಕೊಳ್ಳಬೇಕಾದರೆ ಹಾಳೆಯ ಪಿ.ಎಚ್. ೭.೫ರಿಂದ ೧೦ರ ಒಳಗಿರಬೇಕು. ಶೇಕಡ ೨ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರ ಅದರಲ್ಲಿ ಕಾದಿರಬೇಕು. ಲಿಗ್ನಿನ್ನಿನಂತಹ ದ್ರವ್ಯ ತೀರ ಅಲ್ಪವಾಗಿರಬೇಕು. ಬರಿಯ ‘ಆಮ್ಲರಹಿತ’ ಎಂಬ ಮಾತು ಇಷ್ಟನ್ನೂ ಹೇಳುವುದಿಲ್ಲ. ಕಾರ್ಖಾನೆಯಿಂದ ಹೊರಬಿದ್ದ ದಿನ ಆಮ್ಲವಿರಲಿಲ್ಲವೆಂದಷ್ಟೇ ಅದರ ಅರ್ಥವಾಗಿರಬಹುದು.

ಹೀಗಿರುವಲ್ಲಿ ಪರೀಕ್ಷೆಯೇ ದಾರಿ. ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರನ್ನು ಕರೆದುಕೊಂಡು ಅವರ ಪ್ರಯೋಗಶಾಲೆಗೇ ಹೋದೆವು. ಒಂದೊಂದು ಹಾಳೆಯಿಂದಲೂ ಬೆರಳುಗುರಿನಷ್ಟು ತುಂಡು ಕತ್ತರಿಸಿ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ತೊಟ್ಟನ್ನು ಬಿಟ್ಟು ಮಸೂರದಲ್ಲಿ ನೋಡಿದೆವು. ಬಿಳಿಯ ದಪ್ಪ ಹಾಳೆಗಳಲ್ಲಿ ಸೋಡದಂತೆ ಸಣ್ಣ ಸಣ್ಣ ಗುಳ್ಳೆಗಳೆದ್ದವು. ಅದು ಕಾರ್ಬೊನೇಟಿನಿಂದ ಬಿಡುಗಡೆಯಾದ ಇಂಗಾಲದ ಡೈ ಆಕ್ಸೈಡು. ಸುಣ್ಣದ ಕಾವಲು ಇದೆಯೆಂದು ಗೊತ್ತಾಯಿತು. ಹಳೆಯ ಕಾಲದ ಕಾಗದದಂತೆ ಕಾಣಲೆಂದು ಕಂದು ಚಿತ್ತಾರ ಅಚ್ಚುಹಾಕಿದ ಹಾಳೆಗಳು ನಾಲ್ಕಿದ್ದವು. ಅವುಗಳಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಫ್ಲೋರೋಗ್ಲೂಸಿನಾಲ್ ಎಂಬ ದ್ರಾವಣವನ್ನು ಆಮ್ಲದೊಡನೆ ಸವರಿದರೆ ಲಿಗ್ನಿನ್ ಇರುವ ಕಾಗದ ಕುಂಕುಮದಂತೆ ಕೆಂಪೇರುತ್ತದೆ. ಆ ನಾಲ್ಕೂ ಕೆಂಪೇರಿದವು. ಹುಡುಗಿಯ ಮುಖ ಚಿಕ್ಕದಾಯಿತು. ಅವೇ ಆಕೆಗೆ ಎಲ್ಲಕ್ಕಿಂತ ಮೆಚ್ಚುಗೆಯಾಗಿದ್ದ ಹಾಳೆಗಳಂತೆ. ಈ ಪರೀಕ್ಷೆಗಳನ್ನು ಮನೆಯಲ್ಲಿ ಮಾಡಕೂಡದು, ಅಧ್ಯಾಪಕರ ಎದುರಿನಲ್ಲಿಯೇ ಮಾಡಬೇಕು.

ಮನೆಯಲ್ಲಿ ಮಾಡಬಹುದಾದುದು ಕಾಗದದ ಎಳೆ ಯಾವ ದಿಕ್ಕಿಗಿದೆಯೆಂಬ ಪರೀಕ್ಷೆ. ಯಂತ್ರದ ಜಾಲರಿಯ ಮೇಲೆ ತಿರುಳು ಓಡುವಾಗ ನಾರುಗಳಲ್ಲಿ ಹೆಚ್ಚಿನವು ಓಟದ ದಿಕ್ಕಿಗೆ ಮಲಗುತ್ತವೆ. ನೀರು ಕುಡಿದ ನಾರು ದಪ್ಪನಾಗುವಷ್ಟು ಉದ್ದವಾಗುವುದಿಲ್ಲ. ಆದುದರಿಂದ ಹಾಳೆ ಎಳೆಗೆ ಅಡ್ಡವಾಗಿಯೇ ಹೆಚ್ಚು ಹಿಗ್ಗುತ್ತದೆ. ಹತ್ತು ಸೆಂಟಿಮೀಟರು ಚದರದ ತುಂಡಿನ ಒಂದು ಮುಖಕ್ಕೆ ಒದ್ದೆಬಟ್ಟೆಯನ್ನು ಸವರಿರಿ. ಅದು ಕೊಳವೆಯಂತೆ ಸುರುಳಿಯಾಗುತ್ತದೆ. ಕೊಳವೆಯ ಉದ್ದವೇ ಎಳೆಯ ದಿಕ್ಕು. ಪುಟಕ್ಕೂ ಅದರ ಮೇಲೆ ಅಂಟಿಸುವ ಹಾಳೆಗೂ ಎಳೆಗಳು ಒಂದಕ್ಕೊಂದು ಅಡ್ಡವಾದರೆ, ಮಳೆಗಾಲದಲ್ಲಿ ಒಂದು ಹಿಗ್ಗಿದ ಕಡೆಗೆ ಇನ್ನೊಂದು ಹಿಗ್ಗದೆ ಪುಟ ಹಪ್ಪಳದಂತೆ ಡೊಂಕಾಗುತ್ತದೆ. ಇಸ್ತ್ರಿಪೆಟ್ಟಿಗೆಯೊಳಗೆ ಎರಡು ಲೋಹಗಳ ಜೋಡಿಪಟ್ಟಿ ಬಿಸಿಗೆ ಬಾಗಿ ವಿದ್ಯುತ್ತನ್ನು ಕಡಿಯುವುದು ಇದೇ ತತ್ತ್ವದಿಂದ. ನನ್ನ ಶಿಷ್ಯರು ಪಾಠದಲ್ಲಿ ಕಲಿತುದನ್ನು ಅಂಟಿನ ಡಬ್ಬಿಯ ಮುಂದೆ ಮರೆತುಬಿಡುತ್ತಾರೆ, ನಾನೂ ಮರೆತಿದ್ದೆ.

ಉಬ್ಬುಮುದ್ರೆಯ ಪುಡಿ ಮಾತ್ರ ನನಗೆ ಅಪಾರ ಸಂತೋಷವನ್ನು ಕೊಟ್ಟಿತು. ನಿಧಾನವಾಗಿ ಒಣಗುವ ಶಾಯಿಯಲ್ಲಿ ಮುದ್ರೆಯೊತ್ತಿ, ಸಣ್ಣ ರಾಳದ ಪುಡಿಯನ್ನು ಚಿಮುಕಿಸಿ, ಹೆಚ್ಚಿನದನ್ನು ಕೊಡವಿ, ಬಿಸಿಗಾಳಿ ಹಾಯಿಸುತ್ತಾರೆ. ಒರಟು ಪುಡಿ ಒಮ್ಮೆಗೇ ಕರಗಿ, ಕಣಗಳು ಕೂಡಿಕೊಂಡು, ಗೆರೆಗಳೆಲ್ಲ ಗುಂಡಗೆ ಮಿರುಗುತ್ತವೆ. ಮಳೆಹನಿಯನ್ನು ಗುಂಡಗಾಗಿಸುವ ಮೇಲ್ಮೈ ಕರ್ಷಣವೇ ಇಲ್ಲಿಯೂ ಕೆಲಸ ಮಾಡುವುದು. ಬೇಡದ ಕಡೆಯಲ್ಲಿ ಪುಡಿ ಅಂಟಿಕೊಳ್ಳುವುದು ವಿದ್ಯುದಾವೇಶದ ಚೇಷ್ಟೆ. ಒಣಹವೆಯ ದಿನಗಳಲ್ಲಿ ಇದು ಹೆಚ್ಚು.

ಉಳಿದ ಅಲಂಕಾರಗಳ ವಿಚಾರದಲ್ಲಿ ಹೇಳಬೇಕಾದುದು ಸ್ವಲ್ಪ. ಕಬ್ಬಿಣದ ಪಿನ್ನು ತುಕ್ಕಾಗುತ್ತದೆ. ಒಣಗಿದ ಹೂವು ಹುಳುವನ್ನು ಕರೆಯುತ್ತದೆ. ವಲ್ಕನೀಕರಿಸಿದ ರಬ್ಬರಿನಲ್ಲಿ ಗಂಧಕವಿರುವುದರಿಂದ, ಕಪ್ಪುಬಿಳುಪಿನ ಹಳೆಯ ಫೋಟೋಗಳ ಬೆಳ್ಳಿಯನ್ನು ಅದು ಕೆಡಿಸುತ್ತದೆ; ರಬ್ಬರ್ ಬ್ಯಾಂಡನ್ನು ಅವುಗಳಿಗೆ ಸುತ್ತಬಾರದು. ಪಿ.ವಿ.ಸಿ. ಹೊದಿಕೆಗಿಂತ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಲೇಸು. ಅಂಟುಗಳಲ್ಲಿ, ಗ್ರಂಥಸಂರಕ್ಷಕರು ಇಂದಿಗೂ ಕಾಗದದ ದುರಸ್ತಿಗೆ ನೆಚ್ಚುವುದು ಗೋಧಿಯ ಪಿಷ್ಟದ ಸರಿಯನ್ನು. ಬೇಕೆಂದಾಗ ನೀರು ಸೋಕಿಸಿ ಅದನ್ನು ಬಿಡಿಸಬಹುದೆಂಬುದೇ ಅದರ ಗುಣ. ಫೋಟೋಗಳಿಗಾದರೋ ಅಂಟೇ ಬೇಡ, ನಾಲ್ಕು ಮೂಲೆಗೂ ಕಾಗದದ ಪುಟ್ಟ ಚೀಲಗಳು ಸಾಕು.

ಹುಡುಗಿ ಆ ನಾಲ್ಕು ಕಂದು ಹಾಳೆಗಳನ್ನು ಸಂಪೂರ್ಣವಾಗಿ ಬಿಡಲಿಲ್ಲ. ಅವುಗಳ ಚಿತ್ತಾರವನ್ನು ಸುಣ್ಣವಿರುವ ಬಿಳಿಯ ಕಾಗದಕ್ಕೆ ನಕಲು ತೆಗೆಸಿ ಬಳಸಿದಳು. ಅದನ್ನು ಕಂಡು ನಾನೂ ಹಾಗೆಯೇ ಮಾಡಿದೆ. ಪತ್ರಿಕೆಯ ವರದಿಯ ನಕಲನ್ನು ಹೊಸ ಪುಟಕ್ಕೆ ಸೇರಿಸಿ, ಮೂಲದ ಎರಡು ಚೂರುಗಳನ್ನು ಬೇರೆಯೇ ಲಕೋಟೆಯಲ್ಲಿಟ್ಟೆ. ಫೋಟೋವನ್ನು ಹಳೆಯ ಪುಟದಿಂದ ಬಿಡಿಸಲು ಹಲ್ಲಿನ ಸಂದು ಶುಚಿಮಾಡುವ ಮೇಣದ ನೂಲನ್ನು ಅದರ ಬೆನ್ನ ಹಿಂದೆ ಗರಗಸದಂತೆ ಆಡಿಸಬೇಕಾಯಿತು. ಒಂದು ಗಂಟೆಯೇ ಹಿಡಿಯಿತು. ಕಂದು ಪಟ್ಟಿ ಹೋಗಿಲ್ಲ, ಹೋಗುವಂತೆಯೂ ಇಲ್ಲ. ಅದರಡಿಯಲ್ಲಿ, ಮಸೂರ ಹಿಡಿದರೆ, ರಟ್ಟಿನ ಮೇಲಿನ ಸೂರ್ಯನೂ ಅವನ ಅಂಚಿನ ಬಳಿಯ ಚುಕ್ಕೆಯೂ ಇನ್ನೂ ಕಾಣುತ್ತವೆ. ಪಕ್ಕದಲ್ಲಿ ಅಜ್ಜನ ಹೆಸರನ್ನೂ ತಾರೀಖನ್ನೂ ಪೆನ್ಸಿಲಿನಲ್ಲಿ ಬರೆದೆ. ಪೆನ್ಸಿಲಿನ ಗ್ರಾಫೈಟು ಬಿಸಿಲಿಗೆ ಮಾಸುವಂತಹುದಲ್ಲ. ಅದರ ಕೆಳಗೆ ಮುಂದಿನ ಶುಕ್ರ ಸಂಕ್ರಮಣದ ತಿಂಗಳನ್ನೂ ಬರೆದಿಟ್ಟೆ: ೨೧೧೭, ಡಿಸೆಂಬರ್.