ಕಾಲುಬಾಯಿ ಜ್ವರಕ್ಕೆ ಪದೇ ಪದೇ ಲಸಿಕೆ ಏಕೆ?

ಹಿಂದಿನ ವರ್ಷ ಲಸಿಕೆ ಹಾಕಿಸಿದ ದನಗಳಿಗೂ ಕಾಲುಬಾಯಿ ಜ್ವರವು ತಗಲಿತೆಂದು ರೈತರು ದೂರುವುದುಂಟು. ದೊಡ್ಡರೋಗಕ್ಕೆ ಒಂದೇ ಚುಚ್ಚುಮದ್ದು ಬಹುಕಾಲ ಸಾಲುತ್ತಿದ್ದುದನ್ನು ಕಂಡ ಹಿರಿಯರಿಗೆ ಈ ಸಂಶಯವು ಸಹಜವಾದುದೇ.

ದೊಡ್ಡರೋಗದ ವಿಷಾಣುವು ಒಂದೇ ಬಗೆಯದು. ಮುಕ್ತೇಶ್ವರದ ಸಂಶೋಧನಾಲಯದಲ್ಲಿ ಎಡ್ವರ್ಡ್ಸ್ ಎಂಬವರು 1920ರ ದಶಕದಲ್ಲಿ ಅದನ್ನು ಆಡಿನಿಂದ ಆಡಿಗೆ ದಾಟಿಸುತ್ತ ಹೋಗಲು, ದನಗಳ ಮಟ್ಟಿಗೆ ಅದರ ಉಗ್ರತೆಯು ತಗ್ಗಿತು. ಇಂತಹ ಸಜೀವ ವಿಷಾಣುವು ದನದ ಮೈಯಲ್ಲಿ ಬೆಳೆದು, ವರ್ಷಗಟ್ಟಲೆ ನಿಲ್ಲುವ ರೋಗನಿರೋಧಶಕ್ತಿಯನ್ನು ಕೊಡುತ್ತಿದ್ದಿತು. ಆ ರೋಗವು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಸಾರಲಾಯಿತು.

ಕಾಲುಬಾಯಿ ಜ್ವರದ ರೀತಿಯೇ ಬೇರೆ. ಅದರ ವಿಷಾಣುವಿನಲ್ಲಿ ಏಳು ಬಗೆಗಳನ್ನು ಗುರುತಿಸಿರುವರು. ಭಾರತದಲ್ಲಿ ಓ, ಎ, ಏಷ್ಯಾ-1 ಎಂಬ ಮೂರು ಕಾಣಿಸುತ್ತವೆ. ಒಂದರಿಂದ ವಾಸಿಯಾದ ಎತ್ತು ಇನ್ನೊಂದಕ್ಕೆ ತುತ್ತಾಗಬಲ್ಲುದು. ಆದಕಾರಣ ಮೂರನ್ನೂ ಲಸಿಕೆಯಲ್ಲಿ ಕೂಡಿಸುವರು. ಆದರೆ ಅದರಲ್ಲಿರುವುದು ಕೊಂದ ವಿಷಾಣು. ಅದು ಮೈಯಲ್ಲಿ ಬೆಳೆಯದು. ಹುಟ್ಟಿದ ಶಕ್ತಿಯು ಕೆಲವು ತಿಂಗಳಲ್ಲಿಯೇ ಕುಗ್ಗುತ್ತದೆ. ಆರು ತಿಂಗಳಿಗೊಮ್ಮೆ ಹಾಕಿಸಬೇಕೆಂಬ ನಿಯಮವು ಇದಕ್ಕಾಗಿಯೇ.

ಕರುಗಳ ವಿಷಯವು ಸ್ವಲ್ಪ ಸೂಕ್ಷ್ಮವಾದುದು. ಲಸಿಕೆ ಪಡೆದ ತಾಯಿಯ ಗಿಣ್ಣುಹಾಲು ಕರುವಿಗೆ ರಕ್ಷೆ. ವಿಚಿತ್ರವೆಂದರೆ, ಅದೇ ರಕ್ಷೆಯು ತೀರ ಎಳೆಯ ಕರುವಿಗೆ ಹಾಕಿದ ಲಸಿಕೆಯ ಗುಣವನ್ನು ತಡೆಯುತ್ತದೆ. ಆದುದರಿಂದ ನಾಲ್ಕು ತಿಂಗಳು ತುಂಬಿದ ಮೇಲೆ ಮೊದಲನೆಯದನ್ನೂ, ಒಂದು ತಿಂಗಳ ತರುವಾಯ ಎರಡನೆಯದನ್ನೂ ಹಾಕಿಸತಕ್ಕದ್ದು. ಎರಡನೆಯದನ್ನು ಮರೆತಲ್ಲಿ ಮೊದಲನೆಯದರಿಂದ ಹುಟ್ಟಿದ ಶಕ್ತಿಯು ಬೇಗನೆ ಇಳಿಯುವುದು.

ಈ ಔಷಧವು ತಂಪಿನಲ್ಲಿರಬೇಕಾದುದು; ಬಿಸಿಲಿಗೆ ಕೆಡುವುದು. ಲಸಿಕೆಯವರು ಬರುವ ದಿನವನ್ನು ಗ್ರಾಮದ ಮುಖಂಡರು ಮುಂಚಿತವಾಗಿ ಸಾರಿಸಿ, ದನಗಳನ್ನು ಮೇಯಲು ಬಿಡದೆ ಬೆಳಗಿನಲ್ಲಿಯೇ ಒಂದೆಡೆ ಕಟ್ಟಿಸಿದರೆ, ಹೊತ್ತೇರುವುದರೊಳಗಾಗಿ ಕೆಲಸವು ಮುಗಿಯುವುದು.