ಹಿಂದಿರುಗುವ ಮಸಿಯ ಹನಿ
ನೀರಿಗೆ ಬಿದ್ದ ಮಸಿಯ ಹನಿ ಹರಡಿ ಮಾಯವಾಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಅದು ಮರಳಿ ಹನಿಯಾದುದನ್ನು ಕಂಡವರಿಲ್ಲ. ಆದರೆ ಚಿತ್ರಗಳ ಮಟ್ಟಿಗೆ ಇಂಥ ಹಿಮ್ಮುಖ ಪಯಣವನ್ನು ಗಣಕಯಂತ್ರಕ್ಕೆ ಕಲಿಸಬಹುದೆಂದು 2015ರಲ್ಲಿ ಸಂಶೋಧಕರು ತೋರಿಸಿದರು.

ಇದರ ಪ್ರಯೋಜನವನ್ನು ಈಗ ಆಟಗಾರರೂ ಪಡೆಯುತ್ತಿದ್ದಾರೆ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದಲ್ಲಿ ಆಟಗಾರನು ಕಲ್ಪಿತ ಪಾತ್ರವೊಂದನ್ನು ವಹಿಸುತ್ತಾನೆ. ‘ಬಿಳಿಗಡ್ಡದ ಕುಳ್ಳ ಯೋಧ, ಕೈಯಲ್ಲಿ ಕೊಡಲಿ’ ಎಂದು ಬರೆದರೆ ಸಾಕು. ಯಂತ್ರವು ಅರ್ಥವಿಲ್ಲದ ಚುಕ್ಕಿಗಳ ರಾಶಿಯನ್ನು ಹಂತಹಂತವಾಗಿ ತಿಳಿಗೊಳಿಸುತ್ತ ಆ ಯೋಧನನ್ನು ಮೂಡಿಸುತ್ತದೆ.

ಈ ವಿದ್ಯೆಯನ್ನು ಅದು ಕಲಿತುದು ಹೇಗೆ? ಮನುಷ್ಯರು ರಚಿಸಿದ ಕೋಟ್ಯಂತರ ಚಿತ್ರಗಳನ್ನು ಚುಕ್ಕಿಗಳಿಂದ ಕದಡಿ, ಮತ್ತೆ ತಿಳಿಗೊಳಿಸುವ ಅಭ್ಯಾಸದಿಂದ. ಆ ಕಲಾವಿದರಲ್ಲಿ ಅನೇಕರ ಅನುಮತಿಯನ್ನು ಯಾರೂ ಕೇಳಲಿಲ್ಲ. ಹನಿ ಹಿಂದಿರುಗಿತೆಂದು ಬೆರಗಾಗುವ ನಾವು, ಮಸಿ ಯಾರದೆಂಬುದನ್ನು ಮರೆಯಲಾಗದು.